ಕದಿರು, ಕಂಡಿಕೆ ಮತ್ತು ಗಾಳದ ರೀಲು

ಹನ್ನೆರಡನೆಯ ಶತಮಾನದ ಶರಣೆ ಕದಿರ ರೆಮ್ಮವ್ವೆಯ ಕಾಯಕ ನೂಲುವುದು. ರಾಟೆಯ ಅಂಗಾಂಗಗಳನ್ನೇ ಆಕೆ ತನ್ನ ವಚನದಲ್ಲಿ ತತ್ತ್ವದ ಸಂಕೇತಗಳನ್ನಾಗಿ ಮಾಡಿಕೊಂಡಳು. ನೂಲುವವರ ಕೈಬೆರಳುಗಳು ಬಲ್ಲ ಒಂದು ಯಂತ್ರತತ್ತ್ವವು ಮೀನಿನ ಗಾಳದ ರೀಲನ್ನು ಬಹು ತಡವಾಗಿ ಬಂದು ಸೇರಿದ ಬಗೆಯನ್ನು ಇಲ್ಲಿ ಪರಿಶೀಲಿಸಲಾಗಿದೆ. ಮಠದ ಶಾಲೆಯ ಸಂಚಿಕೆಯಲ್ಲಿ ಗಾಳದ ಮಾತೇಕೆ ಎಂಬ ಆಕ್ಷೇಪ ಏಳುವುದು ನ್ಯಾಯವೇ; ಆದರೆ ವಿಚಾರಕ್ಕೆ ತೆಗೆದುಕೊಂಡಿರುವುದು ದಾರದ ನಡೆಯನ್ನೇ ಹೊರತು ಬೇಟೆಯನ್ನಲ್ಲ.

ತಿರುಗುವ ಕದಿರಿನ ಮೊನೆಯ ನೇರಕ್ಕೆ ಎಳೆಯನ್ನು ಹಿಡಿದರೆ, ಪ್ರತಿ ಸುತ್ತಿಗೂ ಅದು ಮೊನೆಯಿಂದ ಜಾರಿ ಒಂದೊಂದು ಹುರಿ ಏರುತ್ತದೆ. ಅಡ್ಡಲಾಗಿ ಹಿಡಿದರೆ ಹುರಿ ಏರದೆ ನೂಲು ಕದಿರಿಗೆ ಸುತ್ತಿಕೊಳ್ಳುತ್ತದೆ. ಮೊನೆಯ ದಿಕ್ಕು ಹುರಿಗೆ, ಅಡ್ಡ ದಿಕ್ಕು ಸುತ್ತಿಗೆ. ರೀಲಿನ ಇತಿಹಾಸವು ಈ ಎರಡು ದಿಕ್ಕುಗಳ ನಡುವೆಯೇ ನಡೆದಿದೆ.

ಚೀನಾದ ಚಿತ್ರಕಾರ ಮಾ ಯುವಾನನು ಸುಮಾರು 1195ರಲ್ಲಿ ರಚಿಸಿದ ಚಿತ್ರವೊಂದರಲ್ಲಿ, ದೋಣಿಯಲ್ಲಿ ಕುಳಿತವನ ಗಾಳದ ಕೋಲಿಗೆ ಸಣ್ಣ ರೀಲೊಂದು ಕಾಣುತ್ತದೆ. ಅಲ್ಲಿಂದ ಮುಂದೆ ಶತಮಾನಗಳವರೆಗೆ ರೀಲೆಂದರೆ ತಾನೇ ತಿರುಗಿ ದಾರವನ್ನು ಬಿಡುವ ಉರುಳೆ. ಅದರ ದೋಷ ಜಡತ್ವದ್ದು. ಎಸೆದ ಗಾಳದ ವೇಗ ಕುಗ್ಗಿದರೂ ಉರುಳೆ ತನ್ನ ವೇಗದಲ್ಲಿಯೇ ತಿರುಗುತ್ತ, ಬೇಡದ ದಾರವನ್ನು ಕಕ್ಕಿ ಗೋಜಲು ಮಾಡುತ್ತದೆ. ಆಷಾಢದಲ್ಲಿ ಗಾಳಿಪಟ ಹಾರಿಸಿದ ಯಾವ ಹುಡುಗನಿಗೂ ಇದನ್ನು ವಿವರಿಸಬೇಕಾಗಿಲ್ಲ.

ನೇಕಾರರಿಗೂ ಇದೇ ಕಷ್ಟವಿತ್ತು. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಪೇಟೆಂಟ್ ಪಡೆದ ಹಾರುವ ಲಾಳಿಯು ಬಳಕೆಗೆ ಬಂದ ಮೇಲೆ, ತಿರುಗದ ಕಂಡಿಕೆಯ ತುದಿಯಿಂದ ನೂಲು ಜಾರಿಬರುವ ಏರ್ಪಾಡು ಮಗ್ಗದಲ್ಲಿ ನೆಲೆಯಾಯಿತು. ತಿರುಗದ ವಸ್ತುವಿಗೆ ನಿಲ್ಲಬೇಕೆಂಬ ಗೊಡವೆಯೇ ಇಲ್ಲ! ಈ ಉಪಾಯ ಮಗ್ಗದಿಂದ ಹೊಳೆಯ ದಡಕ್ಕೆ ಬರಲು ಒಂದೂವರೆ ಶತಮಾನ ಹಿಡಿಯಿತು. 1884ರಲ್ಲಿ ಸ್ಕಾಟ್ಲೆಂಡಿನ ಮ್ಯಾಲಕ್ ಎಂಬವರು, ಎಸೆಯುವಾಗ ಉರುಳೆಯನ್ನು ಕಾಲುಸುತ್ತು ಹೊರಳಿಸಿ ಅದರ ಮೊನೆಯಿಂದ ದಾರ ಜಾರುವಂತೆ, ಸುತ್ತುವಾಗ ಮತ್ತೆ ಅಡ್ಡಲಾಗಿಸುವಂತೆ ರೀಲನ್ನು ರಚಿಸಿದರು. ಗೋಜಲು ತಪ್ಪಿತು, ಆದರೆ ಎಸೆದಾಗ ಏರಿದ ಹುರಿ ಸುತ್ತುವಾಗ ಇಳಿಯಲಿಲ್ಲ. ರೆಮ್ಮವ್ವೆಗೆ ಇದು ಒಡನೆಯೇ ಹೊಳೆಯುತ್ತಿತ್ತೇನೋ.

ಅದನ್ನು ಬಿಡಿಸಿದವರು ಬ್ರಾಡ್‌ಫರ್ಡಿನ ಉಣ್ಣೆಯ ಗಿರಣಿಯ ಒಡೆಯರಾದ ಆಲ್‌ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್, 1905ರಲ್ಲಿ. ಗಿರಣಿಯವರ ಕಣ್ಣಿಗೇ ಇದು ಬಿದ್ದದ್ದು ಆಕಸ್ಮಿಕವೆನಿಸದು. ಅವರ ರೀಲಿನಲ್ಲಿ ಉರುಳೆ ಸುತ್ತುವಾಗಲೂ ತಿರುಗದು. ತೋಳೊಂದು ಅದರ ಸುತ್ತ ತಿರುಗಿ ದಾರವನ್ನು ಹೊದಿಸುತ್ತದೆ. ಎಸೆಯುವಾಗ ಏರಿದ ಹುರಿಯನ್ನು ಸುತ್ತುವಾಗಿನ ವಿರುದ್ಧ ಹುರಿ ಕಳೆಯುತ್ತದೆ. ಇಂದಿನ ಸಾಮಾನ್ಯ ರೀಲುಗಳಲ್ಲಿ ಹಲ್ಲುಚಕ್ರಗಳ ಮೂಲಕ ಹಿಡಿಯ ಒಂದು ಸುತ್ತಿಗೆ ತೋಳು ಐದಾರು ಸುತ್ತು ತಿರುಗುತ್ತದೆ. ಉರುಳೆ ಹಿಂದೆ ಮುಂದೆ ಸರಿದು ದಾರವನ್ನು ಸಮನಾಗಿ ಹರಡಿಸಿಕೊಳ್ಳುತ್ತದೆ. ಇದಕ್ಕೆ ಸ್ಪಿನ್ನಿಂಗ್ ರೀಲು ಎಂಬ ಹೆಸರು ಬಂದದ್ದು ನೂಲುವುದರಿಂದಲ್ಲ, ನೀರಿನಲ್ಲಿ ಗಿರಗಿರನೆ ತಿರುಗುವ ಹುಸಿ ಎರೆಯಿಂದ!

ಒಂದು ದೋಷ ಉಳಿಯಿತು. ಮೀನು ಬಲವಾಗಿ ಎಳೆದಾಗ ದಾರ ಹರಿಯದಿರಲೆಂದು ಉರುಳೆಗೆ ಬಿರಿಯೊಂದನ್ನು ಇಟ್ಟಿರುತ್ತಾರೆ. ಎಳೆತ ಮಿತಿಮೀರಿದರೆ ಉರುಳೆ ಜಾರಿ ದಾರ ಬಿಡುತ್ತದೆ. ಹಾಗೆ ಜಾರುತ್ತಿರುವಾಗಲೂ ಹಿಡಿಯನ್ನು ತಿರುಗಿಸಿದರೆ ದಾರ ಒಳಗೆ ಬಾರದೆ ಹುರಿ ಮಾತ್ರ ಏರುತ್ತದೆ. ಒಂದಕ್ಕೆ ಐದರ ರೀಲಿನಲ್ಲಿ ಹಿಡಿಯನ್ನು ಹತ್ತು ಸಲ ತಿರುಗಿಸಿದರೆ ಐವತ್ತು ಹುರಿ. ಆಗ ರೀಲು ರೀಲಾಗಿರದೆ ರಾಟೆಯೇ ಆಗಿಬಿಡುತ್ತದೆ.

ಕನ್ನಡನಾಡಿಗೂ ಗಾಳದ ವಿದ್ಯೆಗೂ ಹಳೆಯ ನಂಟುಂಟು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸರ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲಿಯೇ ಪ್ರಕಟವಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಪಿಲಾ ನದಿಯಲ್ಲಿ 120 ಪೌಂಡು ತೂಕದ ಮಹಶೀರ್ ಹಿಡಿದರು. ಮುಂದೆ 1970ರ ದಶಕದಿಂದ ಕಾವೇರಿಯಲ್ಲಿ ರಾಗಿಯ ಉಂಡೆಯನ್ನು ಗಾಳಕ್ಕೆ ಕಟ್ಟಿ ಈ ಭಾರಿ ಮೀನನ್ನು ಹಿಡಿದು ಬಿಟ್ಟವರು ಬಹುಮಟ್ಟಿಗೆ ಬಳಸಿದ್ದು ಮಾತ್ರ ತಿರುಗುವ ಉರುಳೆಯ ರೀಲನ್ನೇ. ಭಾರದ ಎಳೆತಕ್ಕೆ ದಾರ ನೇರವಾಗಿ ಸುತ್ತುವ ಹಳೆಯ ಕ್ರಮವೇ ಒಗ್ಗುತ್ತದೆ. ಹಗುರವಾದುದನ್ನು ದೂರ ಎಸೆಯುವಲ್ಲಿ ಕಂಡಿಕೆಯ ಕ್ರಮವೇ ಮೇಲು.

ಚೇಳೂರಿನ ತರಗತಿಯಲ್ಲಿ ಇದನ್ನೆಲ್ಲ ತೋರಿಸಲು ದರ್ಜಿಯ ದಾರದ ಎರಡು ಉಂಡೆಗಳು ಸಾಕು. ಒಂದನ್ನು ಮೊಳೆಗೆ ಸಿಕ್ಕಿಸಿ ಅಡ್ಡಲಾಗಿ ದಾರವನ್ನು ಸರಕ್ಕನೆ ಎಳೆದು ನಿಲ್ಲಿಸಬೇಕು. ಇನ್ನೊಂದನ್ನು ಮೇಜಿನ ಮೇಲೆ ನೆಟ್ಟಗೆ ಬಿಗಿಹಿಡಿದು ದಾರವನ್ನು ಮೇಲಕ್ಕೆಳೆಯಬೇಕು. ಮೊದಲನೆಯದು ನಿಂತಮೇಲೂ ತಿರುಗುವುದು. ಎರಡನೆಯದರಿಂದ ಬಂದ ದಾರವನ್ನು ಸಡಿಲಬಿಟ್ಟರೆ ಅದು ತನ್ನಷ್ಟಕ್ಕೆ ಸುರುಳಿಗೊಳ್ಳುವುದು.