ಅಮ್ಮನ ದುಡ್ಡು ಇಡುವ ಮೊದಲು

ದಿವಾ ಪೂರ್ವ

ಚಿರಂಜೀವಿ ಸುಮಾ,

ನಿನ್ನ ಅಮ್ಮನ, ಅಂದರೆ ನನ್ನ ಅಕ್ಕನ, ನಿವೃತ್ತಿಯ ದುಡ್ಡನ್ನು ಕಾರ್ಪೊರೇಟ್ ಬಾಂಡ್ ಫಂಡಿಗೆ ಹಾಕಿ, ಅವಳಿಗೆ ತಿಂಗಳು ತಿಂಗಳು ಖರ್ಚಿಗೆ ಬರುವಂತೆ ಮಾಡುತ್ತೇನೆ ಎಂದೆಯಲ್ಲ, ಆಗಿನಿಂದ ಅದೇ ಯೋಚನೆ. ಡೊಂಬಿವಲಿಯ ನೂಕುನುಗ್ಗಲು, ಠಾಣೆಯಲ್ಲಿ ಗಾಡಿ ಬದಲಿಸಿ ಐರೋಳಿ, ಮತ್ತೆ ವಾಪಸು. ನಿನಗೆ ಕೂತು ಓದಲು ಪುರುಸೊತ್ತೆಲ್ಲಿ ಎಂದು ನಾನೇ ಬರೆಯುತ್ತಿದ್ದೇನೆ.

ನಿನ್ನ ಅಜ್ಜ ಉಡುಪಿ ಕಡೆಯಿಂದ ಬಂದು ಮುಂಬಯಿಯ ಹೋಟೆಲಿಗೆ ಸೇರಿದಾಗ ಸಂಬಳವನ್ನು ಕೈಗೆ ತೆಗೆದುಕೊಂಡವರಲ್ಲ. ಎಲ್ಲ ಧಣಿಗಳ ಹತ್ತಿರವೇ ಜಮೆ. ಊರಿಗೆ ಹೊರಟಾಗ ಅವರು ಲೆಕ್ಕ ಮಾಡಿ ಕೊಡುತ್ತಿದ್ದರು. ಆಮೇಲೆ ಭಿಶಿ, ಅಂದರೆ ಗುಂಪಿನ ಚೀಟಿ ಬಂತು. 1978ರಲ್ಲಿ ಬಿಲ್ಲವರು ಕಟ್ಟಿದ ಭಾರತ್ ಕೋ-ಆಪರೇಟಿವ್ ಬ್ಯಾಂಕಿನಂಥವು ಬಂದವು. ದುಡ್ಡು ಯಾರ ಕೈಯಲ್ಲಿದೆ ಎಂಬುದು ಇಟ್ಟವರಿಗೆ ಗೊತ್ತಿರುತ್ತಿತ್ತು. ಬಾಂಡ್ ಫಂಡಿನಲ್ಲಿ ಮಾತ್ರ ಸಾಲ ಪಡೆದ ಕಂಪನಿಯ ಮುಖ ಅಕ್ಕನಿಗೆ ಯಾವತ್ತೂ ಕಾಣುವುದಿಲ್ಲ.

ಸೆಬಿ 2017ರಲ್ಲಿ ಮಾಡಿದ ನಿಯಮದ ಪ್ರಕಾರ ಕಾರ್ಪೊರೇಟ್ ಬಾಂಡ್ ಹೆಸರಿನ ಫಂಡು ಕಡೇಪಕ್ಷ ಶೇ. 80ರಷ್ಟನ್ನು ಎಎ ಪ್ಲಸ್ ಅಥವಾ ಅದಕ್ಕೂ ಮೇಲಿನ ದರ್ಜೆಯ ಬಾಂಡುಗಳಲ್ಲಿ ಇಡಬೇಕು. ನಿನ್ನ ಆಫೀಸಿನ ಗೆಳತಿ ಹೇಳಿದ, ಶೇ. 1 ಹೆಚ್ಚು ಕೊಡುವ ಫಂಡು ಕ್ರೆಡಿಟ್ ರಿಸ್ಕ್ ವರ್ಗದ್ದು. ಅದು ಶೇ. 65ರಷ್ಟನ್ನಾದರೂ ಎಎ ಮತ್ತು ಅದಕ್ಕಿಂತ ಕೆಳಗಿನ ಬಾಂಡುಗಳಲ್ಲೇ ಇಡಬೇಕು. ಹೆಚ್ಚಿನ ಬಡ್ಡಿ ಅಲ್ಲಿಂದಲೇ ಬರುವುದು. ವಯಸ್ಸಾದ ಹೆಂಗಸಿನ ಅಸಲಿಗೆ ಅದು ಬೇಡ ಮಗಳೇ. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ತನ್ನ ಆರು ಸಾಲಪತ್ರ ಯೋಜನೆಗಳನ್ನು ಮುಚ್ಚಿದ್ದು ನೆನಪಿದೆಯಾ? ದುಡ್ಡು ಕೊನೆಗೆ ಬಂತು, ಆದರೆ ಕಂತುಕಂತಾಗಿ. ಔಷಧಿ ಅಂಗಡಿಯವನು ಅಷ್ಟು ದಿನ ಕಾಯುತ್ತಾನೆಯೇ?

ದರ್ಜೆಯೊಂದನ್ನೇ ನಂಬಿ ಕೂರುವಂತೆಯೂ ಇಲ್ಲ. ಐಎಲ್ ಅಂಡ್ ಎಫ್‌ಎಸ್ ಕಂಪನಿ 2018ರಲ್ಲಿ ಕುಸಿಯುವುದಕ್ಕೆ ಸ್ವಲ್ಪ ಮುಂಚಿನವರೆಗೂ ಎಎಎ ದರ್ಜೆಯಲ್ಲೇ ಇತ್ತು. ಅದಕ್ಕೇ, ಫಂಡಿನವರು ಪ್ರತಿ ತಿಂಗಳು ಹಾಕುವ ಹಿಡುವಳಿ ಪಟ್ಟಿಯನ್ನು ಪೂರ್ತಿ ಓದು. ಯಾವ ಯಾವ ಕಂಪನಿ, ಒಂದೊಂದರಲ್ಲಿ ಎಷ್ಟು ಪಾಲು, ಉಳಿದ ಶೇ. 20 ಎಲ್ಲಿದೆ, ಸರಾಸರಿ ಅವಧಿ ಎಷ್ಟು ವರ್ಷ ಎಂದು ನೋಡು. ಅವಧಿ ಉದ್ದವಾದಷ್ಟೂ ಬಡ್ಡಿದರ ಏರಿದಾಗ ಪೆಟ್ಟು ಜಾಸ್ತಿ. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕಿನ ರೆಪೊ ದರ ಶೇ. 4ರಿಂದ 6.5ಕ್ಕೆ ಏರಿದಾಗ ಒಳ್ಳೆಯ ಕಂಪನಿಗಳ ಹಳೆಯ ಬಾಂಡುಗಳ ಬೆಲೆಯೂ ಇಳಿದಿತ್ತು. ಹಾಗಾಗಿ ಅಕ್ಕನಿಗೆ ಒಂದು ವರ್ಷಕ್ಕೆ ಬೇಕಾಗುವ ಖರ್ಚು ಎಫ್‌ಡಿಯಲ್ಲೇ ಇರಲಿ.

ಉಳಿದದ್ದನ್ನು ಗ್ರೋತ್ ಆಯ್ಕೆಯಲ್ಲಿ ಹಾಕಿ, ತಿಂಗಳು ತಿಂಗಳು ನಿಗದಿತ ಮೊತ್ತ ತೆಗೆಯುವ ಎಸ್‌ಡಬ್ಲ್ಯೂಪಿ ಮಾಡಿಸು. ತಿಂಗಳಿಗೆ ತೆಗೆಯುವ ಮೊತ್ತ ಫಂಡಿನ ಗಳಿಕೆಗಿಂತ ಕಡಿಮೆಯೇ ಇರಬೇಕು, ಇಲ್ಲದಿದ್ದರೆ ಅಸಲು ಗೊತ್ತಾಗದಂತೆ ಕರಗುತ್ತದೆ. 2023ರ ಏಪ್ರಿಲಿನಿಂದೀಚೆಗೆ ಕೊಂಡ ಇಂಥ ಫಂಡಿನ ಲಾಭಕ್ಕೆ ಅವರವರ ಆದಾಯದ ಸ್ಲ್ಯಾಬಿನಂತೆ ತೆರಿಗೆ. ಆದ್ದರಿಂದ ನಿನ್ನ ಹೆಸರಲ್ಲಿ ಬೇಡ, ಅವಳ ಹೆಸರಲ್ಲೇ ಇರಲಿ, ನಾಮಿನಿ ನೀನಾಗು.

ಭಾನುವಾರ ನೀನೂ ಅಕ್ಕನೂ ಬನ್ನಿ. ನೀನು ಆರಿಸಿದ ಫಂಡುಗಳ ಕಳೆದ ತಿಂಗಳ ಪಟ್ಟಿ ತಾ, ಅಕ್ಕನನ್ನೂ ಕೂರಿಸಿಕೊಂಡು ಓದೋಣ. ಹೊರಡುವ ಮುಂಚೆ ರೈಲಿನ ಮೆಗಾಬ್ಲಾಕ್ ಇದೆಯಾ ನೋಡಿಕೋ.

ಇಂತಿ,
ನಿನ್ನ ಮಾವ