ಆ 15 ನಿಮಿಷ ತಂಡಕ್ಕೆ ಸೇರಿದ್ದು

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಹೋಗಿ ಬೆಂಗಳೂರು, ಪುಣೆ, ಹೈದರಾಬಾದಿನ ಸಾಫ್ಟ್‌ವೇರ್ ತಂಡಗಳಲ್ಲಿ ದುಡಿಯುತ್ತಿರುವ ತಮ್ಮ-ತಂಗಿಯರೇ, ದಿನದ ಸ್ಟ್ಯಾಂಡಪ್ ಮೀಟಿಂಗ್ ಮ್ಯಾನೇಜರಿಗೆ ಲೆಕ್ಕ ಒಪ್ಪಿಸುವ ಹೊತ್ತಲ್ಲ. ಸ್ಕ್ರಮ್ ಮಾರ್ಗದರ್ಶಿ ಅದಕ್ಕೆ ಕೊಡುವುದು 15 ನಿಮಿಷ. ಸ್ಪ್ರಿಂಟ್ ಗುರಿಯತ್ತ ಕೆಲಸ ಎಷ್ಟು ಸಾಗಿದೆ ಎಂದು ನೋಡಿ, ಮುಂದಿನ ದಿನದ ಯೋಜನೆಯನ್ನು ತಂಡವೇ ತಿದ್ದಿಕೊಳ್ಳಲಿ ಎಂಬುದು ಉದ್ದೇಶ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುವೆ, ಅಡ್ಡಿ ಏನು ಎಂಬ ಮೂರು ಪ್ರಶ್ನೆಗಳನ್ನು 2020ರ ಆವೃತ್ತಿಯಲ್ಲಿ ಕೈಬಿಟ್ಟರು. ಒಳ್ಳೆಯದೇ ಆಯಿತು, ಅವು ವರದಿ ಓದುವ ರೂಢಿ ಹಚ್ಚಿದ್ದವು.

ನಮ್ಮ ಭಾಗದ ಹುಡುಗರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಉಳಿದವರು ಇಂಗ್ಲಿಷಿನಲ್ಲಿ ಪಟಪಟ ಮಾತಾಡುವಾಗ ಇವರು ‘ಏನೂ ತೊಂದರೆ ಇಲ್ಲ’ ಎಂದು ಮುಗಿಸಿಬಿಡುತ್ತಾರೆ. ಸಿಕ್ಕು ಬಯಲಾಗುವುದು ಸ್ಪ್ರಿಂಟಿನ ಕೊನೆಗೆ. ತೊಗರಿಯ ಕುಡಿಯನ್ನು ಹೂವಿಗೆ ಮುಂಚೆ ಚಿವುಟಿದರೇ ಟಿಸಿಲು ಹೆಚ್ಚು ಎಂಬುದು ನಿಮ್ಮ ಮನೆಯವರಿಗೆ ಗೊತ್ತು. ಅಡ್ಡಿಯನ್ನೂ ಹಾಗೇ ಬೇಗ ಹೇಳಿರಿ. ಎಲ್ಲಿ ಸಿಕ್ಕಿಕೊಂಡಿದ್ದೀರಿ, ಯಾರ ನೆರವು ಬೇಕು ಎಂಬ ಎರಡು ಸಾಲು ಮೊದಲೇ ಬರೆದಿಟ್ಟುಕೊಳ್ಳಿ. ಉದ್ದದ ಚರ್ಚೆಯನ್ನು ಸಂಬಂಧಪಟ್ಟವರೊಂದಿಗೆ ಆಮೇಲೆ ಮಾಡಿ.

ಸ್ಪ್ರಿಂಟಿನ ಕೊನೆಗೆ ನಡೆಯುವ ರೆಟ್ರೋಸ್ಪೆಕ್ಟಿವ್‌ ಸಭೆಯಲ್ಲೂ ದೂರುಗಳ ಪಟ್ಟಿ ಬೆಳೆಸಬೇಡಿ. ಒಂದೇ ಬದಲಾವಣೆ ಆರಿಸಿ, ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಅಲ್ಲೇ ಗೊತ್ತುಮಾಡಿ.

ತಂಡ ನಡೆಸುವ ಹಿರಿಯರಲ್ಲಿಯೂ ಒಂದು ವಿನಂತಿ: ಸುಮ್ಮನೆ ಕುಳಿತ ಹುಡುಗಿಯನ್ನು ಹೆಸರು ಹಿಡಿದು ಕೇಳಿ, ಅವಳು ತಡವರಿಸಿದರೂ ಮಾತು ಮುಗಿಸುವ ತನಕ ಕಾಯಿರಿ.