ವೀಣೆಯ ಮುಂದೆ ಮೈಕು: ಮನೆಯಲ್ಲಿ ಧ್ವನಿಮುದ್ರಣಕ್ಕೆ ಉಪಕರಣಗಳ ಆಯ್ಕೆ

1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ ಅವರು ಮುಂಬಯಿಗೆ ಬಂದು ಎಚ್.ಎಂ.ವಿ. ಸಂಸ್ಥೆಗಾಗಿ ಹಾಡಿದಾಗ, ತಟ್ಟೆಯ ಒಂದು ಮಗ್ಗುಲಿಗೆ ದೊರೆಯುತ್ತಿದ್ದ ಅವಕಾಶ ಸುಮಾರು ಮೂರೂವರೆ ನಿಮಿಷ ಮಾತ್ರ. ರಾಗದ ಸ್ವರೂಪವನ್ನೆಲ್ಲ ಅಷ್ಟರೊಳಗೆ ಅಡಕಗೊಳಿಸಬೇಕಾಗಿತ್ತು. ಇಂದು ಡೊಂಬಿವಲಿಯ ಎರಡು ಕೋಣೆಗಳ ಮನೆಯಲ್ಲಿಯೂ ಗಂಟೆಗಟ್ಟಲೆ ಧ್ವನಿಮುದ್ರಣ ಸಾಧ್ಯ. ಕಾಲದ ಅಭಾವ ನೀಗಿದೆ. ನಿಶ್ಶಬ್ದದ ಅಭಾವ ಮಾತ್ರ ಹೆಚ್ಚಿದೆ. ಉಪಕರಣ ಕೊಳ್ಳಲು ಹೊರಡುವ ಮುಂಬಯಿ ಕನ್ನಡಿಗರು ಮೊದಲು ಯೋಚಿಸಬೇಕಾದದ್ದು ಈ ಎರಡನೆಯ ಮಾತನ್ನೇ.

ವಿಷಯ ಕೇವಲ ಹವ್ಯಾಸದ್ದಲ್ಲ. ಮಾಟುಂಗಾ, ಮುಲುಂಡ್, ಬೋರಿವಲಿಗಳ ಎಷ್ಟೋ ಮನೆಗಳಲ್ಲಿ ಎಪ್ಪತ್ತು ದಾಟಿದ ಹಿರಿಯರು ಇಂದಿಗೂ ವೀಣೆ, ಪಿಟೀಲು, ಹಾರ್ಮೋನಿಯಂ ನುಡಿಸುತ್ತಾರೆ. ಅವರ ಪಾಠಾಂತರ, ಅವರ ಬೆರಳಿನ ಗಮಕ ಯಾವ ಸಂಗ್ರಹಾಲಯದಲ್ಲಿಯೂ ಇಲ್ಲ. ಬೆರಳಿಗೆ ಸಂಧಿವಾತ ಬಂದ ಮೇಲೆ ಅತ್ಯುತ್ತಮ ಮೈಕು ತಂದರೂ ಪ್ರಯೋಜನವಿಲ್ಲ. ಆದ್ದರಿಂದ ಪರಿಪೂರ್ಣ ಸಲಕರಣೆಗಾಗಿ ಕಾಯುವುದಕ್ಕಿಂತ ಸಾಧಾರಣ ಸಲಕರಣೆಯನ್ನು ಸರಿಯಾಗಿ ಬಳಸುವುದು ಮೇಲು.

ಮೈಕ್ರೊಫೋನುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಡೈನಮಿಕ್ ಮೈಕಿನಲ್ಲಿ ತೆಳುವಾದ ಪೊರೆಗೆ ಅಂಟಿಸಿದ ತಂತಿಯ ಸುರುಳಿಯೊಂದು ಅಯಸ್ಕಾಂತದ ನಡುವೆ ಅಲುಗಾಡಿ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಇದು ಗಟ್ಟಿಮುಟ್ಟು, ತೇವಕ್ಕೆ, ಪೆಟ್ಟಿಗೆ ಸುಲಭವಾಗಿ ಜಗ್ಗುವುದಿಲ್ಲ. 1965ರಲ್ಲಿ ಹೊರಬಂದ ಶೂರ್ ಎಸ್ಎಂ57 ಇಂದಿಗೂ ಬಳಕೆಯಲ್ಲಿರುವುದು ಇದಕ್ಕೆ ಸಾಕ್ಷಿ. ಕಂಡೆನ್ಸರ್ ಮೈಕಿನಲ್ಲಾದರೋ ಪೊರೆಯೂ ಅದರ ಹಿಂದಿನ ಲೋಹಫಲಕವೂ ಸೇರಿ ಕೆಪಾಸಿಟರ್ ಆಗುತ್ತವೆ. ಇದಕ್ಕೆ ಹೊರಗಿನಿಂದ ವಿದ್ಯುತ್ ಬೇಕು. ಸಾಮಾನ್ಯವಾಗಿ 48 ವೋಲ್ಟಿನ ಫ್ಯಾಂಟಮ್ ಪವರ್ ಮೈಕಿನ ತಂತಿಯ ಮೂಲಕವೇ ಹರಿದು ಬರುತ್ತದೆ. ಪೊರೆ ಬಹಳ ಹಗುರವಾದುದರಿಂದ ತಂತಿವಾದ್ಯದ ಮೀಟು, ಅದರ ಅನುರಣನ ಎಲ್ಲವೂ ಇದರಲ್ಲಿ ಸ್ಪಷ್ಟವಾಗಿ ಮೂಡುತ್ತವೆ. ಆದರೆ ಪಕ್ಕದ ಮನೆಯ ಕುಕ್ಕರಿನ ಸೀಟಿಯೂ ಅಷ್ಟೇ ಸ್ಪಷ್ಟವಾಗಿ ಮೂಡುತ್ತದೆ!

ಇಲ್ಲಿಯೇ ಅನೇಕರು ಎಡವುವುದು. ಅಂಗಡಿಯವನ ಮಾತು ಕೇಳಿ ದೊಡ್ಡ ಪೊರೆಯ ಬೆಲೆಬಾಳುವ ಕಂಡೆನ್ಸರ್ ತಂದು, ಟೈಲ್ಸ್ ನೆಲದ ಬರಿಯ ಕೋಣೆಯಲ್ಲಿ ನಾಲ್ಕಡಿ ದೂರ ನಿಲ್ಲಿಸಿದರೆ, ದಾಖಲಾಗುವುದು ವೀಣೆಗಿಂತ ಹೆಚ್ಚಾಗಿ ಕೋಣೆಯೇ. ವಾದ್ಯಕ್ಕೂ ಮೈಕಿಗೂ ಇರುವ ದೂರ ಇಮ್ಮಡಿಯಾದಾಗ ವಾದ್ಯದಿಂದ ನೇರವಾಗಿ ಬರುವ ಧ್ವನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯೊಳಗೆ ತುಂಬಿದ ಗದ್ದಲ ಮಾತ್ರ ಇದ್ದಂತೆಯೇ ಇರುತ್ತದೆ. ಬೆಲೆಗಿಂತ ದೂರ ಮುಖ್ಯ. ಫ್ಯಾನು ನಿಲ್ಲಿಸಿ, ಫ್ರಿಜ್ಜಿನ ಸ್ವಿಚ್ಚನ್ನು ಸ್ವಲ್ಪ ಹೊತ್ತು ಆರಿಸಿ, ನೆಲಕ್ಕೆ ಜಮಖಾನ ಹಾಸಿ, ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದಿಟ್ಟು, ಮೈಕಿನ ಹಿಂದೆ ಹತ್ತಿಯ ಹಾಸಿಗೆಯೊಂದನ್ನು ಒರಗಿಸಿದರೆ ಪ್ರತಿಧ್ವನಿ ಎಷ್ಟೋ ತಗ್ಗುತ್ತದೆ. ಕೊನೆಯ ಲೋಕಲ್ ಹೋಗಿ ಮೊದಲ ಲೋಕಲ್ ಬರುವ ನಡುವಿನ ವೇಳೆ ನಿಶ್ಶಬ್ದವೇನೋ ಹೌದು. ಆದರೆ ಆ ಹೊತ್ತಿನಲ್ಲಿ ಮೃದಂಗ ನುಡಿಸಿದರೆ ಸೊಸೈಟಿಯ ಕಾರ್ಯದರ್ಶಿಗಳು ಮೌನವಾಗಿರಲಾರರು. ಭಾನುವಾರದ ಮಧ್ಯಾಹ್ನ ಊಟದ ನಂತರದ ಹೊತ್ತು ಹೆಚ್ಚು ವ್ಯವಹಾರ್ಯ.

ನಗರದ ಮನೆಗಳಿಗೆ ಒಪ್ಪುವುದು ಚಿಕ್ಕ ಪೊರೆಯ, ಕಾರ್ಡಿಯಾಯ್ಡ್ ವಿನ್ಯಾಸದ ಕಂಡೆನ್ಸರ್. ಅಂದರೆ ಮುಂದಿನ ಧ್ವನಿಯನ್ನು ಹೆಚ್ಚಾಗಿ, ಹಿಂದಿನದನ್ನು ಕಡಿಮೆಯಾಗಿ ಗ್ರಹಿಸುವಂಥದು. ಅದರ ಬೆನ್ನು ರಸ್ತೆಯ ಕಿಟಕಿಯ ಕಡೆಗಿರಲಿ. ವೀಣೆಗಾದರೆ ದಂಡಿಯು ಕೊಡವನ್ನು ಸೇರುವ ಕಡೆಗೆ ಗುರಿಯಿಟ್ಟು ಒಂದೂವರೆ ಅಡಿ ದೂರದಲ್ಲಿ ನಿಲ್ಲಿಸಬಹುದು. ಕುದುರೆಯ ಹತ್ತಿರಕ್ಕೆ ತಂದರೆ ಉಗುರಿನ ಸದ್ದೇ ಮೇಲಾಗುತ್ತದೆ. ಕೊಳಲಿಗೆ ಊದುರಂಧ್ರದ ನೇರದಲ್ಲಿ ಇಡದೆ ಕೊಂಚ ಮೇಲಿನಿಂದ ಓರೆಯಾಗಿ ಇಡಬೇಕು. ಕುಳಿತು ನುಡಿಸುವ ಪಿಟೀಲಿಗೂ ಮೇಲಿನಿಂದಲೇ. ಮೃದಂಗದ ಎರಡು ಮುಖಗಳ ನಾದ ಬೇರೆಬೇರೆಯಾದುದರಿಂದ ಒಂದೊಂದು ಮುಖಕ್ಕೆ ಒಂದೊಂದು ಡೈನಮಿಕ್ ಮೈಕು ಸಾಕು. ಯಕ್ಷಗಾನದ ಚೆಂಡೆಯನ್ನು ಮಾತ್ರ ಫ್ಲಾಟಿನೊಳಗೆ ಮುದ್ರಿಸುವ ಸಾಹಸ ಬೇಡ. ಸಭಾಗೃಹವೇ ಅದಕ್ಕೆ ತಕ್ಕ ಸ್ಥಳ.

ಮೈಕಿನ ಕ್ಷೀಣ ವಿದ್ಯುತ್ತನ್ನು ಹಿಗ್ಗಿಸಿ, ಅಂಕಿಗಳಾಗಿ ಪರಿವರ್ತಿಸಿ ಗಣಕಯಂತ್ರಕ್ಕೆ ಕಳುಹಿಸುವ ಪುಟ್ಟ ಪೆಟ್ಟಿಗೆಯೇ ಆಡಿಯೊ ಇಂಟರ್ಫೇಸ್. ಎರಡು ಮೈಕುಗಳಿಗೆ ಸ್ಥಳ, 48 ವೋಲ್ಟ್, ನೇರವಾಗಿ ಕೇಳುವ ಸೌಲಭ್ಯ, ಇವಿಷ್ಟಿದ್ದರೆ ಮನೆಗೆ ಸಾಕು. ವೀಣೆಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕು ಬಳಸುವವರು ‘ಇನ್‌ಸ್ಟ್ರುಮೆಂಟ್’ ಎಂಬ ಹೆಚ್ಚು ಪ್ರತಿರೋಧದ ಪ್ರವೇಶವಿದೆಯೇ ಎಂದು ನೋಡಬೇಕು. ಇಲ್ಲವಾದರೆ ನಾದ ಸೊರಗುತ್ತದೆ. ಡೈನಮಿಕ್ ಮೈಕಿನಲ್ಲಿ ಮೆಲುದನಿಯ ವಾದ್ಯವನ್ನು ಹಿಡಿಯಬೇಕಾದರೆ 50–60 ಡೆಸಿಬೆಲ್ ಹಿಗ್ಗಿಸಬೇಕಾಗುತ್ತದೆ. ಅಗ್ಗದ ಪೆಟ್ಟಿಗೆಗಳು ಆಗ ‘ಸ್ಸ್’ ಎಂದು ಉಸಿರಾಡತೊಡಗುತ್ತವೆ.

ಜಾಹೀರಾತಿನಲ್ಲಿ ಮೆರೆಯುವ 192 ಕಿಲೋಹರ್ಟ್ಸ್ ಎಂಬ ಅಂಕಿಗೆ ಮರುಳಾಗಬೇಕಿಲ್ಲ. ಮನುಷ್ಯನ ಕಿವಿಯ ಮಿತಿ ಸೆಕೆಂಡಿಗೆ ಸುಮಾರು 20,000 ಕಂಪನ; ಅದರ ಇಮ್ಮಡಿಗಿಂತ ತುಸು ಹೆಚ್ಚು ಬಾರಿ ಅಳೆದರೆ ಧ್ವನಿ ಪೂರ್ಣವಾಗಿ ದೊರೆಯುತ್ತದೆ. ಕಾಂಪ್ಯಾಕ್ಟ್ ಡಿಸ್ಕಿನ 44,100 ಹುಟ್ಟಿದ್ದು ಈ ಲೆಕ್ಕದಿಂದ. 48 ಕಿಲೋಹರ್ಟ್ಸ್, 24 ಬಿಟ್ ಧಾರಾಳವಾಯಿತು. ತಾರಸ್ಥಾಯಿಯ ಜೋರಾದ ಮೀಟಿನಲ್ಲಿಯೂ ಮಾಪಕ ಋಣ 12ನ್ನು ಮೀರದಂತೆ ನೋಡಿಕೊಳ್ಳಬೇಕು. ಸೊನ್ನೆಯನ್ನು ದಾಟಿ ಸೀಳಿದ ಧ್ವನಿಯನ್ನು ಮತ್ತೆ ಮೊದಲಿನಂತೆ ಮಾಡುವುದು ಬಹುಮಟ್ಟಿಗೆ ಅಸಾಧ್ಯ.

ಮುಂಬಯಿಯ ಮಳೆಗಾಲ ಕಂಡೆನ್ಸರ್ ಮೈಕಿಗೆ ಪರಮಶತ್ರು. ತೇವದಿಂದ ಪೊರೆಯ ವಿದ್ಯುತ್ತು ಸೋರಿ ಚಟಪಟ ಸದ್ದು ಹುಟ್ಟುತ್ತದೆ. ಬಳಸಿದ ನಂತರ ಸಿಲಿಕಾ ಜೆಲ್ ಹಾಕಿದ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು ರೂಢಿಯಾಗಬೇಕು.

ಕಿವಿಯ ಆರೋಗ್ಯದ ಮಾತೂ ಇಲ್ಲಿ ಅಪ್ರಸ್ತುತವಲ್ಲ. ಹೆಡ್‌ಫೋನಿನಲ್ಲಿ 80 ಡೆಸಿಬೆಲ್ ಮಟ್ಟದ ಧ್ವನಿಯನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಧ್ವನಿ ಏರಿದಷ್ಟೂ ಈ ಅವಧಿ ತೀವ್ರವಾಗಿ ಕುಗ್ಗುತ್ತದೆ. ರೈಲಿನ ಗದ್ದಲದಲ್ಲಿ ದಿನಕ್ಕೆ ಮೂರು ಗಂಟೆ ಕಳೆದು ಬಂದ ಕಿವಿಗೆ ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಟ್ಟು ಮುದ್ರಣಕ್ಕೆ ಕೂರುವುದು ಒಳ್ಳೆಯದು. ದಣಿದ ಕಿವಿ ಧ್ವನಿಯ ಮಟ್ಟವನ್ನು ಏರಿಸುತ್ತಲೇ ಹೋಗುತ್ತದೆ.

ಲ್ಯಾಮಿಂಗ್ಟನ್ ರಸ್ತೆಗೆ ಹೋಗುವ ಮುನ್ನ ಪರಿಚಿತರ ಉಪಕರಣವನ್ನು ಒಂದು ದಿನ ಎರವಲು ತಂದು ಸ್ವಂತ ಕೋಣೆಯಲ್ಲಿ ಪರೀಕ್ಷಿಸುವುದು ಲೇಸು. ಹಿರಿಯರು ಶ್ರುತಿ ಮಾಡಿಕೊಳ್ಳಲು ಬಿರಡೆಗೆ ಕೈಯಿಟ್ಟ ಕ್ಷಣದಿಂದಲೇ ಯಂತ್ರ ಓಡುತ್ತಿರಲಿ. ಯಾರಿಂದ ಕಲಿತದ್ದು, ಯಾವ ಊರಿನಲ್ಲಿ ಎಂದು ಅವರು ಹೇಳುವುದು ಬಹುತೇಕ ಆ ಹೊತ್ತಿನಲ್ಲಿಯೇ. ರಾಗ, ತಾಳ, ದಿನಾಂಕಗಳನ್ನು ಕಡತದ ಹೆಸರಿನಲ್ಲಿಯೇ ಬರೆದು, ಎರಡು ಬೇರೆ ಬೇರೆ ಮನೆಗಳಲ್ಲಿ ಪ್ರತಿಗಳನ್ನು ಇರಿಸಬೇಕು. ಒಂದು ಪ್ರತಿ ಊರಿನ ಬಂಧುಗಳಲ್ಲಿ ಇದ್ದರೆ ಇನ್ನೂ ಕ್ಷೇಮ.